ಕರಗದ ಬಾಳೆಹಣ್ಣು

ಕ್ಯೂಬಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಅದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಕಟ್ಟಡ ಕಟ್ಟುವ ಜಾಗದಲ್ಲಿ ಅವನ ಕೆಲಸ ಇಷ್ಟೇ. ಕಲಸಿದ ಗಾರೆಯಲ್ಲಿ ಒಂದಿಷ್ಟು ತೆಗೆದು ಮುಷ್ಟಿ ಗಾತ್ರದ ಕಬ್ಬಿಣದ ಅಚ್ಚಿಗೆ ತುಂಬಬೇಕು, ಮರುದಿನ ಬಿಚ್ಚಿ ನೀರಿನ ತೊಟ್ಟಿಗೆ ಹಾಕಬೇಕು, ಏಳನೆಯ ದಿನ ಮೂರು ಚೌಕಗಳನ್ನು ಲ್ಯಾಬಿಗೆ ಒಯ್ದು ಕೊಡಬೇಕು. ಲ್ಯಾಬಿನ ಯಂತ್ರ ಅವನ್ನು ಅದುಮಿ ಪುಡಿ ಮಾಡಿ, ಗೋಡೆ ನಿಲ್ಲುತ್ತದೋ ಬೀಳುತ್ತದೋ ಹೇಳುತ್ತದೆ. ಆ ಚೌಕಗಳಿಗೆ ಕ್ಯೂಬು ಎನ್ನುತ್ತಾರೆ. ಅದರಿಂದಲೇ ಅವನು ಕ್ಯೂಬಣ್ಣ.

ಕೆಲಸ ಸಣ್ಣದೇ. ಆದರೆ ಅದನ್ನು ಮಾಡುವವನ ತಲೆಗೆ ಅದು ಏರಿತ್ತು. ಪರೀಕ್ಷೆ ಮಾಡದೆ ಜಗತ್ತಿನಲ್ಲಿ ಯಾವುದನ್ನೂ ನಂಬಬಾರದು ಎಂಬುದು ಅವನ ವಾದ. ಬ್ರೆಡ್ಡು ಕೊಂಡರೆ ಅಂಗಡಿಯವನ ಎದುರೇ ಹೆಬ್ಬೆರಳಿನಿಂದ ಒತ್ತಿ, ಗುಳಿ ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ ಎಂದು ಗಡಿಯಾರ ನೋಡುವ ಗಂಡಸು. ಇಂಥವನಿಗೆ ಅಂಗಡಿಯವನು ಒಂದು ದಿನ ತಿರುಗಿಸಿ ಬಾರಿಸಬೇಕಿತ್ತು. ಬಾರಿಸಲಿಲ್ಲ, ಅದಕ್ಕೇ ಕಥೆ ಇಲ್ಲಿಯವರೆಗೆ ಬಂತು.

ಹೋದ ವರ್ಷ ಅವನಿಗೆ ಮಗಳು ಹುಟ್ಟಿದಳು. ಪುಟ್ಟಿ ಮೊದಲ ಸಲ ನಕ್ಕಾಗ ಅವನು ಗಾರೆಯ ಮುಂದಿದ್ದ. ಮೊದಲ ಸಲ ಮಗುಚಿಕೊಂಡಾಗ ಲ್ಯಾಬಿನಲ್ಲಿದ್ದ. ಮೊದಲ ಹಲ್ಲು ಬೆರಳಿಗೆ ತಾಕಿದ್ದು ಅತ್ತೆಗೆ. ಸಂಜೆ ಮನೆಗೆ ಬಂದರೆ ಅತ್ತೆಯದು ಒಂದೇ ಮಾತು: "ಅಯ್ಯೋ ಅಳಿಯಂದ್ರೆ, ನೀವು ಆಗ ತಾನೇ ಹೋದ್ರಿ ನೋಡಿ!"

ಅವನು ಎಂಟು ಗಂಟೆಗೆ ಹೋಗಿರಲಿ 'ಆಗ ತಾನೇ', ಸಂಗತಿ ಮೂರು ಗಂಟೆಗೆ ನಡೆದಿರಲಿ 'ಆಗ ತಾನೇ'. ಈ ಎರಡು ಪದ ಕೇಳಿ ಕೇಳಿ ಕ್ಯೂಬಣ್ಣನ ಮೈ ಉರಿಯುತ್ತಿತ್ತು. ಒಂದು ದಿನ ಅವನು ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲ ಮೇಲೆ ನಿಂತು ಘೋಷಿಸಿದ.

"ಏನೇ ಆಗ್ಲಿ, ಮೊದಲನೇ ತುತ್ತು ಮಾತ್ರ ನನ್ನ ಕೈಯಿಂದಾನೇ. ನಾನಿಲ್ದೆ ಯಾರಾದ್ರೂ ಚಮಚ ಎತ್ತಿದ್ರೆ ಆಮೇಲೆ ನಾನು ಮನುಷ್ಯ ಆಗಿರಲ್ಲ!"

"ಆಯ್ತು ಬಿಡಿ," ಎಂದರು ಅತ್ತೆ. "ಮಗೂಗೆ ಹೇಳ್ತೀನಿ. ನಿಮ್ಮಪ್ಪನ ಡ್ಯೂಟಿ ಮುಗಿಯೋವರ್ಗೂ ಹಸಿವು ಮಾಡ್ಕೋಬೇಡ ಅಂತ."

ಲಸಿಕೆಗೆ ಹೋದಾಗ ಆಸ್ಪತ್ರೆಯ ನರ್ಸಮ್ಮನನ್ನು ಹೆಂಡತಿ ಕೇಳಿದಳು. ನರ್ಸಮ್ಮ ಈ ಮಾತನ್ನು ದಿನಕ್ಕೆ ನಲವತ್ತು ಸಲ ಹೇಳುವವಳು, ಒಂದೇ ಉಸಿರಿಗೆ ಹೇಳಿದಳು.

"ಆರು ತಿಂಗಳು ತುಂಬ್ಲಿ, ಆತುರ ಬೇಡ. ಕತ್ತು ನೆಟ್ಟಗೆ ನಿಲ್ಬೇಕು, ಒರಗಿಸಿ ಕೂರಿಸಿದ್ರೆ ವಾಲಬಾರ್ದು, ನೀವು ತಿನ್ನೋದನ್ನ ನೋಡಿ ಬಾಯಿ ಆಡಿಸ್ಬೇಕು. ಒಂದ್ಸಲಕ್ಕೆ ಒಂದೇ ಪದಾರ್ಥ, ನುಣ್ಣಗೆ ಹಿಸುಕಿ, ಒಂದೆರಡು ಚಮಚ. ಮೂರು ದಿನ ಅದನ್ನೇ ಕೊಟ್ಟು ನೋಡಿ, ಒಗ್ಗಿದ್ರೆ ಇನ್ನೊಂದು. ಉಪ್ಪು ಸಕ್ಕರೆ ಬೇಡ. ಜೇನುತುಪ್ಪ ವರ್ಷ ತುಂಬೋವರ್ಗೂ ನಾಲಿಗೆಗೂ ಸವರ್ಬೇಡಿ. ಹಾಲು ನಿಲ್ಲಿಸ್ಬೇಡಿ. ಮೊದಮೊದಲು ಉಗುಳತ್ತೆ, ಗಾಬರಿ ಬೇಡ, ಬಲವಂತಾನೂ ಬೇಡ. ಮುಂದಿನವರು ಬನ್ನಿ."

"ಮೇಡಂ, ಗಟ್ಟಿ ಎಷ್ಟಿರ್ಬೇಕು?" ಕ್ಯೂಬಣ್ಣ ಕದಲಲಿಲ್ಲ.

"ಚಮಚ ಓರೆ ಮಾಡಿದ್ರೆ ನಿಧಾನಕ್ಕೆ ಜಾರ್ಬೇಕು."

"ನಿಧಾನ ಅಂದ್ರೆ ಎಷ್ಟು ಸೆಕೆಂಡು?"

ನರ್ಸಮ್ಮ ಕನ್ನಡಕ ಇಳಿಸಿ ಹೆಂಡತಿಯ ಕಡೆ ನೋಡಿದಳು. "ಇವರು ಏನ್ ಕೆಲಸ ಮಾಡ್ತಾರಮ್ಮಾ?"

"ಗಾರೆ ಪರೀಕ್ಷೆ."

"ಹಾಗೆ ಹೇಳು ಮತ್ತೆ," ಎಂದು ನರ್ಸಮ್ಮ ಕನ್ನಡಕ ಏರಿಸಿಕೊಂಡಳು.

ಆರು ತಿಂಗಳು ತುಂಬುವುದು ಸೋಮವಾರ. ಕ್ಯೂಬಣ್ಣ ಸೋಮವಾರಕ್ಕೆ ಅರ್ಧ ದಿನ ರಜ ಹಾಕಿದ. ಒಂಬತ್ತಕ್ಕೆ ಲ್ಯಾಬಿಗೆ ಕ್ಯೂಬು ಕೊಡುವುದು, ಹತ್ತಕ್ಕೆ ಮನೆಗೆ ಬಂದು ತುತ್ತು ಕೊಡುವುದು. ಯುದ್ಧಕ್ಕೆ ಹೊರಡುವ ಸೇನಾಪತಿಗೂ ಇಷ್ಟು ಖಚಿತವಾದ ವೇಳಾಪಟ್ಟಿ ಇರಲಿಕ್ಕಿಲ್ಲ.

ಶನಿವಾರ ಸಂಜೆ ತಯಾರಿ ಶುರುವಾಯಿತು. ಮೊದಲ ಪದಾರ್ಥ ಬಾಳೆಹಣ್ಣು ಎಂದು ಹೆಂಡತಿ ತೀರ್ಮಾನಿಸಿದ್ದಳು. ಹಿಸುಕಿದ ಹಣ್ಣನ್ನು ಐಸ್ ಮಾಡಿ ಇಟ್ಟುಕೊಂಡರೆ ಬೇಕೆಂದಾಗ ಕರಗಿಸಿ ಕೊಡಬಹುದು ಎಂದು ಕ್ಯೂಬಣ್ಣ ಫೋನಿನಲ್ಲಿ ಓದಿದ್ದ. ಆದರೆ ಮನೆಯ ಐಸ್ ತಟ್ಟೆ ಸೀಳಿತ್ತು.

"ಚಿಂತೆ ಯಾಕೆ?" ಎಂದು ಅವನು ಚೀಲದಿಂದ ಮೂರು ಅಚ್ಚು ತೆಗೆದ. ಹೊಸ ಅಚ್ಚುಗಳು, ಇನ್ನೂ ಗಾರೆ ಕಂಡಿರಲಿಲ್ಲ. ಅವನ್ನು ಅರ್ಧ ಗಂಟೆ ಕುದಿಸಿದ. ಹಿಸುಕಿದ ಹಣ್ಣನ್ನು ಲೋಟಕ್ಕೆ ಒತ್ತಿ ತುಂಬಿ, ತಟ್ಟೆಯ ಮೇಲೆ ಬೋರಲು ಹಾಕಿ, ಲೋಟ ಎತ್ತಿ, ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ, ಗಾರೆಗೆ ಮಾಡುವ ಹಾಗೇ ಎಷ್ಟು ಕುಸಿಯಿತೆಂದು ಕಣ್ಣು ಕಿರಿದು ಮಾಡಿ ನೋಡಿದ.

"ಎರಡು ಬೆರಳು ಕುಸೀತು. ನೀರು ಜಾಸ್ತಿ."

"ನೀರೇ ಹಾಕಿಲ್ವಲ್ರೀ!"

"ಹಾಗಿದ್ರೆ ಹಣ್ಣೇ ಸರಿ ಇಲ್ಲ."

ಅತ್ತೆ ಅಚ್ಚಿನ ಗಾತ್ರ ನೋಡಿದರು, ಮಗುವಿನ ಬಾಯಿ ನೋಡಿದರು. "ಅಳಿಯಂದ್ರೆ, ಇದು ಮಗೂಗೋ, ಕಾಂಪೌಂಡಿಗೋ?"

ಕ್ಯೂಬಣ್ಣ ಅಚ್ಚನ್ನು ಹತ್ತಿರ ಎಳೆದುಕೊಂಡ. ದೊಡ್ಡ ಕೆಲಸ ಮಾಡುವಾಗ ಸಣ್ಣ ಮಾತಿಗೆ ಕಿವಿ ಕೊಡಬಾರದು. ಪದರ ಪದರವಾಗಿ ತುಂಬಿ, ಗಾಳಿ ಹೋಗಲೆಂದು ಪ್ರತಿ ಪದರಕ್ಕೂ ಚಮಚದ ಹಿಡಿಯಿಂದ ಇಪ್ಪತ್ತು ಸಲ ಕುಟ್ಟಿ, ಮೇಲ್ಮೈಯನ್ನು ಕರಣೆ ಎಳೆದಂತೆ ನಯ ಮಾಡಿದ. ಗಾರೆಯ ಕ್ಯೂಬಿನ ಮೇಲೆ ಕೊರೆಯುವಂತೆ ನಂಬರು ಕೊರೆಯಲು ಕೈ ಎತ್ತಿದವನಿಗೆ ಏನನ್ನಿಸಿತೋ, ಫೋರ್ಕಿನ ತುದಿಯಿಂದ ಎರಡು ಚುಕ್ಕಿ ಇಟ್ಟು ಕೆಳಗೊಂದು ಬಾಗಿದ ಗೆರೆ ಎಳೆದ. ನಗುವ ಮುಖ. ಮೂರಕ್ಕೂ ಹಾಗೇ ಮಾಡಿದ. ಅವನ ಇಡೀ ಸೇವಾವಧಿಯಲ್ಲಿ ನಿಯಮ ಮೀರಿದ್ದು ಅದೊಂದೇ ಸಲ.

ರಾತ್ರಿಯೆಲ್ಲ ಫ್ರಿಜ್ಜಿನ ಐಸ್ ಗೂಡಿನಲ್ಲಿಟ್ಟು, ಭಾನುವಾರ ಅಚ್ಚು ಬಿಚ್ಚಿದ. ಬಾಳೆಹಣ್ಣು ಗಾಳಿಗೆ ಕಪ್ಪಾಗಿ, ಥೇಟು ಗಾರೆಯ ಬಣ್ಣಕ್ಕೆ ಬಂದಿತ್ತು. ಕೈ ತನ್ನ ಅಭ್ಯಾಸ ಬಿಡಲಿಲ್ಲ. ಅವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಮತ್ತೆ ಐಸ್ ಗೂಡಿಗೆ ತಳ್ಳಿದ. ಅದೇ ಫ್ರಿಜ್ಜಿನ ಕೆಳ ಅಂಕಣದಲ್ಲಿ ಅಂಥದ್ದೇ ಚೀಲ, ಅಂಥದ್ದೇ ಒದ್ದೆ ಬಟ್ಟೆ, ಒಳಗೆ ಅಸಲಿ ಗಾರೆಯ ಮೂರು ಕ್ಯೂಬು ಆಗಲೇ ಕೂತಿದ್ದವು. ಭಾನುವಾರ ಕೆಲಸದ ಜಾಗಕ್ಕೆ ಬೀಗ, ಸೋಮವಾರ ಮನೆಯಿಂದ ಸೀದಾ ಲ್ಯಾಬಿಗೆ ಹೋಗಬೇಕು ಎಂದು ಅವನ್ನು ಶನಿವಾರವೇ ಮನೆಗೆ ತಂದಿದ್ದ. ನೀರಲ್ಲಿಡಲು ಪುಟ್ಟಿಯ ಸ್ನಾನದ ಟಬ್ಬು ಕೇಳಿದಾಗ ಅತ್ತೆ ಕೊಟ್ಟ ನೋಟಕ್ಕೆ ಹೆದರಿ ಫ್ರಿಜ್ಜಿಗೆ ಸೇರಿಸಿದ್ದ.

ಸೋಮವಾರ ಬೆಳಗ್ಗೆ ಅತ್ತೆ ಫ್ರಿಜ್ಜು ಒರೆಸಿದರು. ಎಲ್ಲ ಹೊರಗಿಟ್ಟು, ಒರೆಸಿ, ಮತ್ತೆ ಜೋಡಿಸುವಾಗ ಎರಡು ಚೀಲ ಕೈಗೆ ಬಂದವು. ಒಂದು ಭಾರ, ಕಲ್ಲಿನ ಹಾಗೆ. ಇನ್ನೊಂದು ಹಗುರ, ಹೊರಗಿಟ್ಟ ಹೊತ್ತಿಗೆ ಅಂಚು ಮೆತ್ತಗಾಗಿತ್ತು. ಕಲ್ಲಿನ ಹಾಗಿರುವುದೇ ಐಸಿನದ್ದು ಎಂದು ಅತ್ತೆ ತೀರ್ಮಾನಿಸಿದರು. ಇದರಲ್ಲಿ ಅವರ ತಪ್ಪು ಹುಡುಕುವವರು ತಮ್ಮ ಮನೆಯ ಫ್ರಿಜ್ಜನ್ನು ತಾವೇ ಒರೆಸಿಕೊಳ್ಳಲಿ.

ಹತ್ತು ನಿಮಿಷದ ನಂತರ ಕ್ಯೂಬಣ್ಣ ಕೆಳಗಿನ ಚೀಲ ಎತ್ತಿಕೊಂಡು ಹೊರಟ. ಚೀಲ ಹಗುರ ಎನ್ನಿಸಿತು. ಇವತ್ತು ಮನಸ್ಸು ಹಗುರವಾಗಿದೆ, ಅದಕ್ಕೇ ಎಂದುಕೊಂಡ.

ಲ್ಯಾಬಿನ ಮೇಡಂ ಅಂದರೆ ಇಡೀ ಕಂಟ್ರಾಕ್ಟರ್ ಕುಲಕ್ಕೇ ನಡುಕ. ಆಕೆ ನಕ್ಕಿದ್ದನ್ನು ಕಂಡವರಿಲ್ಲ. ಚೀಲವನ್ನು ಕಿಟಕಿಯಲ್ಲಿ ತೆಗೆದುಕೊಂಡು, ಸಹಿ ಹಾಕಿಸಿಕೊಂಡು, ಕಿಟಕಿ ಮುಚ್ಚಿದಳು. ಕ್ಯೂಬಣ್ಣ ಬಸ್ಸಿಗೆ ಕಾಯುತ್ತಿರುವಾಗ ಫೋನು ಬಂತು. ಹೆಂಡತಿ.

"ರೀ, ಹಣ್ಣು ಕರಗ್ತಿಲ್ಲ."

"ಬಿಸಿನೀರಲ್ಲಿಡು."

"ಅರ್ಧ ಗಂಟೆಯಿಂದ ಅಲ್ಲೇ ಇದೆ. ಕುದೀತಿದೆ ನೀರು."

"ಚೆನ್ನಾಗಿ ಕುಟ್ಟಿ ತುಂಬಿದೀನಲ್ಲ, ಒಳಗೆ ಗಾಳಿ ಇಲ್ಲ. ಗಟ್ಟಿ ಮಾಲು. ಕುಕ್ಕರಿಗೆ ಹಾಕು," ಎಂದ ಕ್ಯೂಬಣ್ಣ, ಹೆಮ್ಮೆಯಿಂದ.

ಇಟ್ಟ ಕೂಡಲೇ ಮತ್ತೆ ಫೋನು. ಈ ಸಲ ಮೇಡಂ.

"ಏನ್ರೀ ತಂದುಕೊಟ್ಟಿದ್ದೀರಿ? ಕರಗಿ ಹೋಯ್ತು."

"ಏನು ಮೇಡಂ?"

"ಕ್ಯೂಬು! ಯಂತ್ರದಲ್ಲಿಟ್ಟೆ, ಮುಳ್ಳು ಅಲುಗಾಡ್ಲೇ ಇಲ್ಲ, ಪಚಕ್ ಅಂತು. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಮುರಿದಿದ್ದು ನೋಡಿದೀನಿ, ಪುಡಿಯಾಗಿದ್ದು ನೋಡಿದೀನಿ. ಪಚಕ್ ಅಂದಿದ್ದು ನೋಡಿಲ್ಲ. ಕಟ್ಟಡದ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೀನಿ. ನೀವು ಸೀದಾ ಕಟ್ಟಡದ ಹತ್ರ ಬನ್ನಿ."

ಒಬ್ಬಳು ಕರಗುತ್ತಿಲ್ಲ ಎನ್ನುತ್ತಾಳೆ, ಇನ್ನೊಬ್ಬಳು ಕರಗಿತು ಎನ್ನುತ್ತಾಳೆ. ಎರಡು ಮಾತನ್ನು ಪಕ್ಕಪಕ್ಕ ಇಟ್ಟಿದ್ದರೆ ಎರಡನೇ ಕ್ಲಾಸಿನ ಹುಡುಗನಿಗೂ ಹೊಳೆಯುತ್ತಿತ್ತು. ಕ್ಯೂಬಣ್ಣ ಇಟ್ಟು ನೋಡಲಿಲ್ಲ. ಅವನ ಕಣ್ಣಿಗೆ ಕಂಡದ್ದು ಮೂರು ಮಹಡಿ ಕುಸಿಯುವುದು ಮತ್ತು ಹತ್ತು ಗಂಟೆ ಮೀರುವುದು. ಯಾವುದಕ್ಕೆ ಹೆಚ್ಚು ಗಾಬರಿಯಾಯಿತು ಎಂದು ಅವನನ್ನು ಯಾರೂ ಕೇಳದಿದ್ದದ್ದೇ ಒಳ್ಳೆಯದಾಯಿತು.

ಕೆಲಸದ ಜಾಗ ಅವನ ಮನೆಯ ಹಿಂದಿನ ರಸ್ತೆಯಲ್ಲೇ. ಅವನು ಮುಟ್ಟುವ ಹೊತ್ತಿಗೆ ಇನ್‌ಸ್ಪೆಕ್ಟರ್ ಬಂದು ಕೆಂಪು ಪಟ್ಟಿ ಕಟ್ಟಿಸುತ್ತಿದ್ದ. ಕಂಟ್ರಾಕ್ಟರ್ ಕರವಸ್ತ್ರದಿಂದ ಬೋಳುತಲೆ ಒರೆಸಿಕೊಂಡು ಒರೆಸಿಕೊಂಡು ಅದಕ್ಕೆ ಪಾಲಿಶ್ ಹಾಕುತ್ತಿದ್ದ. ಮೇಸ್ತ್ರಿ ತಾನು ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ. ನಿವೃತ್ತ ಬಸ್ ಕಂಡಕ್ಟರೊಬ್ಬರು ಗೇಟಿನಾಚೆ ನಿಂತು, ಹೋಗುವವರಿಗೆಲ್ಲ ಸುದ್ದಿಯನ್ನು ಟಿಕೆಟಿನ ಹಾಗೆ ಹರಿದು ಹರಿದು ಕೊಡುತ್ತಿದ್ದರು.

"ಹಿಟ್ಟಲ್ಲಿ ಕಟ್ಟಿದಾರಂತೆ ಬಿಲ್ಡಿಂಗು! ಮೂರನೇ ಮಹಡಿ ಮೆತ್ತಗಾಗಿದೆಯಂತೆ! ಮುಂದೆ ಹೋಗಿ, ಮುಂದೆ ಹೋಗಿ, ಮೇಲೆ ಬಿದ್ದೀತು!"

"ಒಡೀರಿ ಗೋಡೆ," ಎಂದ ಇನ್‌ಸ್ಪೆಕ್ಟರ್.

"ಒಡೆಯೋದಿದ್ರೆ ಮೊದಲು ನನ್ನ ತಲೆ ಒಡೀರಿ!" ಮೇಸ್ತ್ರಿ ಕಿರುಚಿದ. "ಮೂವತ್ತು ವರ್ಷದ ಕೈ ಸಾರ್ ಇದು! ಒದ್ದು ನೋಡ್ರಿ!"

ಕಂಟ್ರಾಕ್ಟರ್ ಒದ್ದ. ಗೋಡೆಗೆ ಏನೂ ಆಗಲಿಲ್ಲ. ಕಂಟ್ರಾಕ್ಟರ್ ಒಂಟಿಕಾಲಲ್ಲಿ ಕುಣಿಯುತ್ತಾ ಸಿಮೆಂಟಿನ ಮೂಟೆಯ ಮೇಲೆ ಕೂತ.

ಅಷ್ಟರಲ್ಲಿ ಮೇಡಂ ಸ್ಕೂಟರಿನಿಂದ ಇಳಿದು, ವರದಿ ಬಿಚ್ಚಿ, ಶಾಲೆಯಲ್ಲಿ ಪಾಠ ಓದುವಂತೆ ಓದಿದಳು.

"ತೂಕ, ಇರಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ತಡೆದ ಭಾರ, ಸೊನ್ನೆ. ಎರಡನೇ ಮತ್ತು ಮೂರನೇ ಕ್ಯೂಬು ಸರದಿ ಬರುವ ಮೊದಲೇ ಮೇಜಿನ ಮೇಲೆ ಕುಸಿದವು. ಒಳಗೆ ಕಪ್ಪು ಎಳೆಗಳು. ವಾಸನೆ, ಸಿಹಿ."

"ಸಿಹಿನಾ?" ಇನ್‌ಸ್ಪೆಕ್ಟರ್ ಕಂಟ್ರಾಕ್ಟರನ ಕಡೆ ತಿರುಗಿದ. "ಏನ್ರೀ ಬೆರೆಸ್ತಿದ್ದೀರಿ? ಬೆಲ್ಲ?"

ಮೇಸ್ತ್ರಿಗೆ ತಡೆಯಲಾಗಲಿಲ್ಲ. ತಿರುಗಿ ನಿಂತು ಎಲ್ಲರ ಎದುರಿಗೂ ಗೋಡೆಯನ್ನು ನೆಕ್ಕಿದ. "ಸಿಹಿ ಇಲ್ಲ ಸಾರ್! ಬೇಕಾದ್ರೆ ನೀವೂ ನೋಡಿ!" ಇನ್‌ಸ್ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ಸರ್ಕಾರಿ ಕೈಪಿಡಿಯಲ್ಲಿ ನೆಕ್ಕುವ ಪರೀಕ್ಷೆಗೆ ಅವಕಾಶ ಇರಲಿಲ್ಲ.

"ಇನ್ನೂ ಇದೆ," ಎಂದಳು ಮೇಡಂ. "ಮೇಲ್ಮೈ ಮೇಲಿನ ಗುರುತು. ಎರಡು ಚುಕ್ಕಿ, ಕೆಳಗೊಂದು ಬಾಗಿದ ಗೆರೆ. ನೋಡುವವರನ್ನು ನೋಡಿ ನಗುವಂತಿದೆ."

ಕ್ಯೂಬಣ್ಣನಿಗೆ ತಾನು ಎಳೆದ ನಗುವ ಮುಖ ನೆನಪಾಯಿತು. ಮೊದಲು ಒಂದು ಕ್ಷಣ ಹಾಯೆನಿಸಿತು. ಗೋಡೆ ಗಟ್ಟಿ ಇದೆ, ಹೋದದ್ದು ಬಾಳೆಹಣ್ಣು. ಎರಡನೇ ಕ್ಷಣಕ್ಕೆ ಇನ್ನೊಂದು ತುದಿ ಹೊಳೆಯಿತು. ಬಾಳೆಹಣ್ಣು ಲ್ಯಾಬಿಗೆ ಹೋಗಿದ್ದರೆ ಮನೆಯಲ್ಲಿ ಕುಕ್ಕರಿನೊಳಗಿರುವುದು ಏನು? ಪುಟ್ಟಿಗೆ ಅವರು ತಿನ್ನಿಸುತ್ತಿರುವುದು ಏನು?

"ಅಯ್ಯಯ್ಯೋ! ಮಗು! ಸಿಮೆಂಟು! ತಿನ್ನಿಸ್ಬೇಡ್ರೋ!" ಎಂದು ಕೂಗುತ್ತಾ ಗೇಟಿನ ಕಡೆ ಓಡಿದ. ಕಂಡಕ್ಟರು ತಕ್ಷಣ ಸುದ್ದಿ ತಿದ್ದಿದರು. "ಮಗೂಗೆ ಸಿಮೆಂಟು ತಿನ್ನಿಸಿದಾರಂತೆ!"

ಗೇಟಿನಲ್ಲೇ ಡಿಕ್ಕಿಯಾಯಿತು. ಎದುರಿಗೆ ಅತ್ತೆ, ಎರಡೂ ಕೈಯಲ್ಲಿ ಬಿಸಿ ಕುಕ್ಕರು ಹಿಡಿದು. ಹಿಂದೆ ಹೆಂಡತಿ, ಸೊಂಟದ ಮೇಲೆ ಪುಟ್ಟಿ, ಹೆಗಲಲ್ಲಿ ಪುಟ್ಟಿಯ ಬಟ್ಟೆ ಬಾಟಲಿ ಬಟ್ಟಲುಗಳ ಚೀಲ.

"ಎಲ್ಲಿ ಹೋದ್ರು ನಮ್ಮ ಅಳಿಯಂದ್ರು? ಓ, ಇಲ್ಲೇ ಇದೀರಾ?" ಅತ್ತೆ ಕುಕ್ಕರನ್ನು ಇಟ್ಟಿಗೆ ರಾಶಿಯ ಮೇಲೆ ಕುಕ್ಕಿದರು. "ಹದಿನಾಲ್ಕು ಸೀಟಿ ಕೂಗಿಸಿದೀನಿ. ಒನಕೆ ತಗೊಂಡು ಕುಟ್ಟಿದೀನಿ. ಒನಕೆಯ ತುದಿ ಸಿಗಿದು ಹೋಯ್ತು! ಇದ್ಯಾವ ಜಾತಿ ಬಾಳೆಹಣ್ಣು ಸ್ವಾಮಿ?"

"ಮಗೂಗೆ... ಮಗೂಗೆ ಕೊಟ್ರಾ?"

"ಕೊಡೋಕೆ ಬೆಂದ್ರೆ ತಾನೇ? ಅಲ್ದೆ ನೀವು ಬರ್ದೆ ಯಾರಾದ್ರೂ ಚಮಚ ಎತ್ತಿದ್ರೆ ಮನುಷ್ಯ ಆಗಿರಲ್ಲ ಅಂದಿದ್ರಲ್ಲ. ಚಮಚ ಚೀಲದಲ್ಲೇ ಇದೆ!"

ಕ್ಯೂಬಣ್ಣ ಅಲ್ಲೇ ಕುಸಿದು ಕೂತ. ಸರಿಯಾಗಿ ಎರಡು ಬೆರಳಲ್ಲ, ಪೂರ್ತಿ.

ಮೇಡಂ ಕುಕ್ಕರಿನ ಮುಚ್ಚಳ ತೆಗೆದು, ಇಕ್ಕಳದಲ್ಲಿ ಕ್ಯೂಬನ್ನು ಎತ್ತಿ ನಾಲ್ಕೂ ಕಡೆ ತಿರುಗಿಸಿ ನೋಡಿದಳು. ಅದರ ಮೇಲೆ ಕ್ಯೂಬಣ್ಣ ಕೊರೆದ ನಂಬರು ಎದ್ದು ಕಾಣುತ್ತಿತ್ತು. ನಿಜ ಸಂಗತಿ ಮೆಲ್ಲನೆ ಎಲ್ಲರ ತಲೆಗೂ ಇಳಿಯಿತು. ಮೇಸ್ತ್ರಿಯ ತಲೆಗೆ ಎಲ್ಲರಿಗಿಂತ ಮೊದಲು ಇಳಿಯಿತು.

"ಹದಿನಾಲ್ಕು ಸೀಟಿ!" ಅವನು ಎದೆ ತಟ್ಟಿಕೊಂಡ. "ಕೇಳಿದ್ರಾ ಸಾರ್? ಹದಿನಾಲ್ಕು ಸೀಟಿ, ಮೇಲೆ ಒನಕೆ ಏಟು! ಒಂದು ಮೂಲೆ ಹಾರಿದೆಯಾ ನೋಡಿ ನನ್ನ ಗಾರೆ!"

"ಬಿಸಿಗೆ ಗಾರೆ ಬೇಗ ಗಟ್ಟಿಯಾಗತ್ತೆ," ಎಂದಳು ಮೇಡಂ. "ಇದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ. ಉಳಿದೆರಡು ಎಲ್ಲಿ?"

"ಐಸ್ ಗೂಡಲ್ಲಿ," ಎಂದಳು ಹೆಂಡತಿ, ನಗು ತಡೆಯಲಾರದೆ ಸೆರಗು ಬಾಯಿಗಿಟ್ಟು.

"ಒಂದು ಬೇಯಿಸಿದ್ದು, ಎರಡು ಹೆಪ್ಪುಗಟ್ಟಿಸಿದ್ದು." ಮೇಡಂ ಪೆನ್ನು ತೆಗೆದಳು. "ಇದನ್ನ ಯಾವ ಕಾಲಮ್ಮಲ್ಲಿ ಬರೀಲಿ ಹೇಳಿ?"

ತೊಟ್ಟಿಯಲ್ಲಿ ಅದೇ ಗಾರೆಯ, ಇಪ್ಪತ್ತೆಂಟನೆಯ ದಿನದ ಪರೀಕ್ಷೆಗೆಂದು ಮುಳುಗಿಸಿಟ್ಟ ಕ್ಯೂಬುಗಳಿದ್ದವು. ಅವುಗಳಲ್ಲಿ ಮೂರನ್ನು ಮೇಡಂ ತನ್ನ ಕೈಯಾರೆ ಎತ್ತಿಕೊಂಡು ಹೋಗಿ ಪರೀಕ್ಷಿಸುವುದು, ಅಲ್ಲಿಯವರೆಗೆ ಪಟ್ಟಿ ಹಾಗೇ ಇರುವುದು ಎಂದು ತೀರ್ಮಾನವಾಯಿತು. ಆಮೇಲೆ ಕಂಟ್ರಾಕ್ಟರ್ ಸಿಮೆಂಟಿನ ಮೂಟೆಯಿಂದ ಎದ್ದು, ಕುಂಟುತ್ತಾ ಬಂದು ಕ್ಯೂಬಣ್ಣನಿಗೆ ಮಂಗಳಾರತಿ ಎತ್ತಿದ. ಅದನ್ನು ಇಲ್ಲಿ ಬರೆಯುವಂತಿಲ್ಲ. ಇನ್‌ಸ್ಪೆಕ್ಟರ್ ತನ್ನ ಪಾಲಿನದನ್ನೂ ಸೇರಿಸಿದ. ಕ್ಯೂಬಣ್ಣ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದ.

ಬೈಗುಳದ ಮಧ್ಯೆ ಹಿಂದಿನಿಂದ ಹೆಂಡತಿಯ ದನಿ ಬಂತು. "ರೀ, ಇಲ್ಲಿ ನೋಡಿ!"

ಮೇಸ್ತ್ರಿ, ಗೆದ್ದ ಖುಷಿಯಲ್ಲಿ, ತನ್ನ ಊಟದ ಚೀಲದಿಂದ ಬಾಳೆಹಣ್ಣೊಂದನ್ನು ತೆಗೆದು ಸುಲಿಯುತ್ತಿದ್ದ. ಅಜ್ಜಿಯ ತೊಡೆಯ ಮೇಲೆ ಬೆನ್ನು ಆನಿಸಿ ಕೂತ ಪುಟ್ಟಿ ಕತ್ತು ನೆಟ್ಟಗೆ ಮಾಡಿ ಅದನ್ನೇ ದಿಟ್ಟಿಸುತ್ತಿದ್ದಳು. ಅವನು ಕಚ್ಚಿದರೆ ಇವಳ ಬಾಯಿ ಆಡುತ್ತಿತ್ತು. ಅವನು ಅಗಿದರೆ ಇವಳೂ ಖಾಲಿ ಬಾಯಲ್ಲಿ ಅಗಿಯುತ್ತಿದ್ದಳು. ಎರಡೂ ಕೈ ಚಾಚಿ ಸಿಟ್ಟಿನಿಂದ ಒಂದು ಕೂಗು ಹಾಕಿದಳು.

"ನರ್ಸಮ್ಮ ಹೇಳಿದ್ದು ಇದನ್ನೇ," ಎಂದಳು ಹೆಂಡತಿ. "ಬೇಗ ಬನ್ನಿ, ಅಮ್ಮ ಆಗ್ಲೇ ಹಣ್ಣು ಇಸ್ಕೊಂಡ್ರು!"

ಅತ್ತೆ ಮೇಸ್ತ್ರಿಯಿಂದ ಇನ್ನೊಂದು ಹಣ್ಣು ಪಡೆದು, ಚೀಲದ ಬಟ್ಟಲಿನಲ್ಲಿ ಚಮಚದಿಂದ ಹಿಸುಕಲು ಶುರು ಮಾಡಿದ್ದರು. ಕ್ಯೂಬಣ್ಣ ತನ್ನ ಕೈ ನೋಡಿಕೊಂಡ. ಉಗುರು ಸಂದಿಯಲ್ಲೆಲ್ಲ ಸಿಮೆಂಟು.

"ಅತ್ತೇ, ಒಂದು ನಿಮಿಷ! ಕೈ ತೊಳ್ಕೊಂಡು ಬಂದೆ! ಕೊಡ್ಬೇಡಿ!"

"ಎಲ್ಲಿಗ್ರೀ? ಮಾತು ಮುಗಿದಿಲ್ಲ!" ಎಂದ ಇನ್‌ಸ್ಪೆಕ್ಟರ್.

"ಆಮೇಲೆ ಬೈರಿ ಸಾರ್! ಹೋಗೋದಿಲ್ಲ ಎಲ್ಲಿಗೂ!"

ಕುಡಿಯುವ ನೀರಿನ ನಲ್ಲಿಗೆ ಓಡಿದ. ಸೋಪು ಹಾಕಿ ಒಂದು ಸಲ ತೊಳೆದ. ಕೈ ನೋಡಿದ, ಮತ್ತೊಂದು ಸಲ ತೊಳೆದ. ಮೂರನೇ ಸಲಕ್ಕೆ ಸೋಪು ಜಾರಿ ಚರಂಡಿಗೆ ಬಿತ್ತು. ಅಲ್ಲಿಂದಲೇ "ಕೊಟ್ರಾ? ಕೊಟ್ರಾ?" ಎಂದು ಕೂಗುತ್ತಿದ್ದ. ಪುಟ್ಟಿ ತಾಳ್ಮೆ ಮುಗಿದು ಕಿರುಚುತ್ತಿದ್ದಳು. ಅತ್ತೆ ಚಮಚ ತುಂಬಿಸಿ ಹಿಡಿದರು. ಮಗುವಿನ ಬಾಯಿ ನೋಡಿದರು. ನಲ್ಲಿಯ ಕಡೆ ನೋಡಿದರು.

"ಬನ್ನಿ ಬನ್ನಿ, ಸತ್ರೂ ಕೊಡಲ್ಲ ನಾನು. ಬನ್ನಿ ಬೇಗ!" ಎಂದು ಚಮಚವನ್ನು ಆಕಾಶಕ್ಕೆ ಎತ್ತಿ ಹಿಡಿದರು.

ಕ್ಯೂಬಣ್ಣ ನೀರು ಸೋರುವ ಕೈಯಲ್ಲಿ ಚಮಚ ತೆಗೆದುಕೊಂಡು ಮಂಡಿಯೂರಿದ. ಚಮಚ ಓರೆಯಾಯಿತು. ಹಣ್ಣು ನಿಧಾನಕ್ಕೆ ಜಾರಿತು. ಎಷ್ಟು ಸೆಕೆಂಡು ಎಂದು ಅವನು ಎಣಿಸಲಿಲ್ಲ. ಪುಟ್ಟಿಯ ಬಾಯಿಗೆ ಹೋಯಿತು.

ಪುಟ್ಟಿ ಹುಬ್ಬು ಗಂಟಿಕ್ಕಿದಳು. ನಾಲಿಗೆಯಿಂದ ನೂಕಿ ಪೂರ್ತಿ ಹೊರಗೆ ಹಾಕಿದಳು. ಅದು ಅಪ್ಪನ ಶರಟಿನ ಜೇಬಿನ ಮೇಲೆ ಬಿತ್ತು.

"ಬೇಡ್ವಂತೆ," ಎಂದ ಕ್ಯೂಬಣ್ಣ. ಅವನ ಮುಖ ಲ್ಯಾಬಿನ ಮೇಜಿನ ಮೇಲಿನ ಮೂರನೇ ಕ್ಯೂಬಿನ ಹಾಗಾಯಿತು.

"ಮೊದಮೊದಲು ಉಗುಳತ್ತೆ ಅಂದಿದ್ರಲ್ಲ. ಇನ್ನೊಂದ್ಸಲ ತೋರ್ಸಿ, ಬಲವಂತ ಬೇಡ," ಎಂದಳು ಹೆಂಡತಿ.

ಎರಡನೆಯದನ್ನು ಹತ್ತಿರ ಒಯ್ಯುವಾಗ ಕ್ಯೂಬಣ್ಣ ತನ್ನ ಬಾಯನ್ನೇ ಅಗಲವಾಗಿ ತೆರೆದ. ಸುತ್ತ ನಿಂತ ಮೇಸ್ತ್ರಿ ಬಾಯಿ ತೆರೆದ, ಕಂಟ್ರಾಕ್ಟರ್ ತೆರೆದ, ಇನ್‌ಸ್ಪೆಕ್ಟರ್ ಬೈಯಲು ತೆರೆದ ಬಾಯನ್ನು ಹಾಗೇ ಬಿಟ್ಟ, ಗೇಟಿನಾಚೆ ಕಂಡಕ್ಟರೂ ತೆರೆದರು. ಪುಟ್ಟಿ ಅಷ್ಟೂ ಬಾಯಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಎರಡನೆಯದನ್ನೂ ಶರಟಿಗೇ ಉಗುಳಿದಳು.

ಮೂರನೆಯದು ಬಾಯಿ ಮುಟ್ಟುವ ಮೊದಲೇ ಅವಳು ಚಮಚವನ್ನು ಕಸಿದು ಹಿಡಿದಳು. ಹಿಡಿಯ ಇನ್ನೊಂದು ತುದಿಯನ್ನು ಅಪ್ಪ ಬಿಡಲಿಲ್ಲ. ಒಂದು ಕ್ಷಣ ಎಳೆದಾಟವಾಯಿತು. ಮಗಳು ಗೆದ್ದು ಚಮಚವನ್ನು ತನ್ನ ಬಾಯಿಗೆ ತಾನೇ ತುರುಕಿಕೊಂಡಳು. ಗಲ್ಲ ಆಡಿತು. ಗಂಟಲು ಆಡಿತು. ಚಮಚ ಖಾಲಿ ಹೊರಬಂತು.

ಪುಟ್ಟಿ ಅಪ್ಪನ ಮುಖ ನೋಡಿ ಬಾಯಿ ಅಗಲಿಸಿದಳು. ಒಳಗೆ ಏನೂ ಉಳಿದಿರಲಿಲ್ಲ, ಅಕ್ಕಿಕಾಳಿನಂಥ ಒಂದು ಹಲ್ಲು ಬಿಟ್ಟರೆ.

"ಇದು ಯಾರು ಕೊಟ್ಟ ಹಾಗಾಯ್ತು?" ಮೇಸ್ತ್ರಿ ಕೇಳಿದ. "ಅವರಾ, ಮಗೂನಾ? ಹಣ್ಣು ನಂದು, ಅದು ನೆನಪಿರ್ಲಿ."

ಎಲ್ಲರೂ ಮೇಡಂ ಕಡೆ ತಿರುಗಿದರು. ಆಕೆ ಗಂಭೀರವಾಗಿ ವರದಿಯ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಬರೆದು ಗಟ್ಟಿಯಾಗಿ ಓದಿದಳು. "ಮೊದಲ ಎರಡು ಮಾದರಿ ತಿರಸ್ಕೃತ. ಮೂರನೆಯದು ಸ್ವೀಕೃತ. ಎತ್ತಿದ್ದು ಮಗು, ಹಿಡಿದದ್ದು ತಂದೆ." ಸಹಿ ಹಾಕಿ ಹಾಳೆಯನ್ನು ಕ್ಯೂಬಣ್ಣನ ಕೈಗಿತ್ತಳು. ಆಗ ಆಕೆ ನಕ್ಕಳು ಎಂದು ಮೇಸ್ತ್ರಿ ಇವತ್ತಿಗೂ ಆಣೆ ಮಾಡುತ್ತಾನೆ. ನಂಬುವವರಿಲ್ಲ.

ಮರುದಿನ ಗೋಡೆ ಪಾಸಾಯಿತು, ಪಟ್ಟಿ ಬಿಚ್ಚಿದರು. ಬೇಯಿಸಿದ ಕ್ಯೂಬು ಈಗ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತಿದೆ. ಅತ್ತೆ ಹೊಸ ಒನಕೆ ತಂದಿದ್ದಾರೆ, ಅದನ್ನು ಕ್ಯೂಬಿನ ಹತ್ತಿರಕ್ಕೂ ಬಿಡುವುದಿಲ್ಲ.

ಗೋಡೆ ಪಾಸಾದ ದಿನ ಸಂಜೆ ಕಂಡಕ್ಟರು ವಿಚಾರಿಸಲು ಮನೆಗೆ ಬಂದರು. ಅರ್ಧ ಅವರೇ ಕಂಡಿದ್ದರು, ಆದರೂ ಪೂರ್ತಿ ಕೇಳುವ ಆಸೆ. "ಹೇಗಮ್ಮಾ ಶುರು ಮಾಡಿದ್ಲು ಮೊಮ್ಮಗಳು?"

ಅತ್ತೆ ಹೇಳಲು ಕೂತರು. ಕ್ಯೂಬಣ್ಣ ಒಳಗಿನ ಕೋಣೆಯಲ್ಲಿ ಮಗಳನ್ನು ಎತ್ತಿಕೊಂಡು, ಕಿವಿ ನೆಟ್ಟಗೆ ಮಾಡಿ ನಿಂತ. ಆರು ತಿಂಗಳಿಂದ ಕೇಳಿದ 'ಆಗ ತಾನೇ' ಎಂಬ ಆ ಎರಡು ಪದ ಈಗಲೂ ಬರುತ್ತವೆ ಎಂದೇ ಅವನಿಗೆ ಅನುಮಾನ.

"ಮೂರನೇ ಚಮಚ ನುಂಗಿದ್ಲು," ಎಂದರು ಅತ್ತೆ. "ಅಳಿಯಂದ್ರು ಅಲ್ಲೇ ಇದ್ರು. ಸಂಶಯ ಇದ್ರೆ ಅವರ ಶರಟು ನೋಡಿ. ಒಗೆಯೋಕೆ ಕೊಡ್ತಾನೇ ಇಲ್ಲ."